ದಡವೇರಿದ ದೋಣಿ

ಸಂಸಾರವನ್ನು ಸಾಗರವೆಂದೂ ಕಾಯವನ್ನು ದೋಣಿಯೆಂದೂ ಹಿರಿಯರು ಹೇಳಿರುವರು. ದೋಣಿಯು ಹಳತಾದಾಗ ಮಾಡತಕ್ಕುದೇನು? ಉಡುಪಿಯ ಮಲ್ಪೆ ಬಂದರನ್ನು ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದೋಣಿಗಳ ಮೀನುಗಾರಿಕೆಗೆ ಅಲ್ಲಿ ನಿಷೇಧವುಂಟು. ದುರಸ್ತಿಗೆ ಅದೇ ಕಾಲ.

ಮರದ ದೋಣಿಗೆ ಬಿರುಗಾಳಿಗಿಂತಲೂ ಕಡು ವೈರಿಯೆಂದರೆ ಹಲಗೆಯನ್ನು ಕೊರೆಯುವ ಕಡಲ ಹುಳು. ಸೂಜಿಮೊನೆಯಷ್ಟು ರಂಧ್ರದಿಂದ ಹೊಕ್ಕು, ಒಳಗೇ ಬೆಳೆದು, ಮರವನ್ನು ಪೊಳ್ಳಾಗಿಸುವುದು. ಹೊರಗೆ ಮಾತ್ರ ಹಲಗೆಯು ಗಟ್ಟಿಯಾಗಿಯೇ ತೋರುವುದು. ಆದುದರಿಂದ ಬಲ್ಲ ಬಡಗಿಯು ಬಣ್ಣಕ್ಕೆ ಮರುಳಾಗದೆ, ಸುತ್ತಿಗೆಯಿಂದ ತಟ್ಟಿ ದನಿಯನ್ನು ಆಲಿಸುವನು. ಪೊಳ್ಳಾದುದನ್ನು ಕಿತ್ತು ಹೊಸದನ್ನು ಕೂಡಿಸುವನು. ಒಡೆಯನು ವೆಚ್ಚಕ್ಕಂಜಿ ಬಣ್ಣವನ್ನಷ್ಟೇ ಬಳಿಸಿದರೆ, ಅವನನ್ನು ನಂಬಿ ಏರಿದವರೂ ಆಗಸ್ಟಿನ ಅಲೆಗಳಲ್ಲಿ ಮುಳುಗುವರು.

ಗೃಹಸ್ಥನ ಬಾಳೂ ಅಂತೆಯೇ. ಹಣೆಯಲ್ಲಿ ವಿಭೂತಿಯು ಬೆಳಗುತ್ತಿರಲು ಒಳಗೆ ಲೋಭವು ಕೊರೆಯುತ್ತಿರಬಹುದು. ಆ ಮನೆಯನ್ನು ನಂಬಿದವರ ಗತಿಯೇನು? 12ನೆಯ ಶತಮಾನದ ಅಂಬಿಗರ ಚೌಡಯ್ಯನವರು ದೋಣಿ ನಡೆಸುವುದನ್ನೇ ಕಾಯಕವಾಗಿ ಕೈಕೊಂಡ ಶರಣರು. ಆಚಾರವಿಲ್ಲದ ವೇಷವನ್ನು ನಿಷ್ಠುರವಾಗಿ ಖಂಡಿಸಿದವರು. ಅವರ ನುಡಿಯೂ ಸುತ್ತಿಗೆಯ ಪೆಟ್ಟೇ ಸರಿ.

ದಡದಲ್ಲಿರುವಾಗಲೇ ಸದ್ಭಕ್ತರು ತಮ್ಮನ್ನು ತಾವು ತಟ್ಟಿ ನೋಡಿಕೊಳ್ಳಬೇಕು. ನಡುಗಡಲಿನಲ್ಲಿ ಹಲಗೆಯನ್ನು ಬದಲಿಸುವವರಾರು?