ಅಳಿಸಿದ ಹನ್ನೆರಡು ಸಾಲು

ಮಳೆಗಾಲದಲ್ಲಿ ಆಲೂರು ಕಡೆಯ ನಮ್ಮ ಮನೆಯಲ್ಲಿ ಕರೆಂಟು ಇದ್ದರೆ ನೆಟ್‌ವರ್ಕ್ ಇರುವುದಿಲ್ಲ, ನೆಟ್‌ವರ್ಕ್ ಇದ್ದರೆ ಕರೆಂಟು ಇರುವುದಿಲ್ಲ. ಅಂಥ ಒಂದು ಜುಲೈನಲ್ಲಿ ಪುಟ್ಟ ಆಪರೇಟಿಂಗ್ ಸಿಸ್ಟಂ ಒಂದನ್ನು ಕ್ಲೀನ್ ಮಾಡಲು ಕೂತೆ. ಎಂಐಟಿಯಲ್ಲಿ 2006ರಲ್ಲಿ ವಿದ್ಯಾರ್ಥಿಗಳಿಗೆ ಕಲಿಸಲೆಂದು ಬರೆದ ಎಕ್ಸ್‌ವಿ6 ಅದರ ಮೂಲ. ಅದನ್ನು ತಿದ್ದುತ್ತಾ ಕೂರುವುದು ನನ್ನ ಹವ್ಯಾಸ. ಇದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ.

ಹಳೆಯ ಹೆಸರುಗಳನ್ನು ಬದಲಿಸಿದೆ, ಎರಡೆರಡು ಕಡೆ ಇದ್ದುದನ್ನು ಒಂದು ಮಾಡಿದೆ. ಬೂಟ್ ಆಗುವ ಭಾಗಕ್ಕೆ ಬಂದಾಗ ಹನ್ನೆರಡು ಸಾಲು ವಿಚಿತ್ರವಾಗಿ ಕಂಡವು. ಯಂತ್ರ ಇನ್ನೂ ಕಣ್ಣೇ ಬಿಟ್ಟಿಲ್ಲ, ಆಗಲೇ ಕೀಬೋರ್ಡ್ ಕಂಟ್ರೋಲರ್ ಜೊತೆ ಮಾತಾಡುತ್ತಿದೆ! ಮೇಲಿದ್ದ ಕಾಮೆಂಟನ್ನು ಅರ್ಧ ಓದಿ ಅಳಿಸಿದೆ. ಎಮ್ಯುಲೇಟರಿನಲ್ಲಿ ಎಲ್ಲ ಸರಿಯಾಗಿ ನಡೆಯಿತು. ಅಟ್ಟದಿಂದ ಇಳಿಸಿದ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಪರದೆ ಕಪ್ಪಾಗಿಯೇ ಉಳಿಯಿತು.

ಕಾರಣ ಹುಡುಕಿದರೆ ಅದು 1984ಕ್ಕೆ ಕರೆದೊಯ್ದಿತು. ಮೊದಲ ಪಿಸಿಯ ಪ್ರೊಸೆಸರಿಗೆ ಒಂದು ಮೆಗಾಬೈಟಿನಾಚೆ ಲೋಕವಿರಲಿಲ್ಲ. ಅದನ್ನು ದಾಟಿದ ವಿಳಾಸ ಸುತ್ತು ಹಾಕಿ ಸೊನ್ನೆಗೇ ಬರುತ್ತಿತ್ತು. ಕೆಲವು ಪ್ರೋಗ್ರಾಂಗಳು ಈ ಸುತ್ತನ್ನೇ ನಂಬಿಕೊಂಡಿದ್ದವು. ಹೆಚ್ಚು ಮೆಮೊರಿಯ ಐಬಿಎಂ ಪಿಸಿ ಎಟಿ ಬಂದಾಗ, ಅವು ಕೆಡದಿರಲೆಂದು ಎ20 ಎಂಬ ವಿಳಾಸದ ತಂತಿಗೆ ಒಂದು ಗೇಟ್ ಹಾಕಿದರು. ಕೀಬೋರ್ಡ್ ಕಂಟ್ರೋಲರಿನಲ್ಲಿ ಒಂದು ಪಿನ್ ಖಾಲಿಯಿತ್ತು. ಗೇಟಿನ ಕೀಲಿಯನ್ನು ಅಲ್ಲಿಟ್ಟರು. ನಾನು ಅಳಿಸಿದ್ದು ಆ ಗೇಟು ತೆರೆಯುವ ಸಾಲುಗಳನ್ನು.

ಅರ್ಥವಾಗದ್ದನ್ನು ತೆಗೆದುಹಾಕುವ ಹಕ್ಕು ನನಗಿದೆಯೇ? ಹಾಗಂತ ಹಳೆಯದಕ್ಕೆಲ್ಲ ಕೈಮುಗಿಯುವುದೂ ನನ್ನಿಂದಾಗದು. ಎಕ್ಸ್‌ವಿ6ಗೆ ಮಾದರಿಯಾದ 1975ರ ಯುನಿಕ್ಸ್ ಆರನೇ ಆವೃತ್ತಿಯಲ್ಲಿ, ಇದು ನಿಮಗೆ ಅರ್ಥವಾಗಬೇಕಿಲ್ಲ ಎಂಬ ಧಾಟಿಯ ಕಾಮೆಂಟೊಂದಿತ್ತು. ಪರೀಕ್ಷೆಗೆ ಬರುವುದಿಲ್ಲ ಎನ್ನುವ ಅರ್ಥದಲ್ಲಿ ಬರೆದದ್ದು, ನಿಜವೆಂದರೆ ನಮಗೂ ಅರ್ಥವಾಗಿರಲಿಲ್ಲ ಎಂದು ಡೆನ್ನಿಸ್ ರಿಚಿ ಆಮೇಲೆ ಒಪ್ಪಿಕೊಂಡರು. ಹಿರಿಯರೂ ಕತ್ತಲಲ್ಲೇ ತಡವಿರುತ್ತಾರೆ.

ನಮ್ಮ ತೋಟದಲ್ಲೂ ಇಂಥದೊಂದು ಅಳಿಸಿದ ಜಾಗವಿದೆ. ಅಜ್ಜ ಉಳಿಸಿಕೊಂಡಿದ್ದ ಅತ್ತಿ, ಬಸರಿ ಮರಗಳನ್ನು ಅಪ್ಪ ಮೇಲಿನ ತುಂಡಿನಲ್ಲಿ ಕಡಿಸಿ ಸಿಲ್ವರ್ ಓಕ್ ಹಾಕಿಸಿದರು. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕಾದಾಗ ಮಾರಬಹುದು. ನೆರಳು ತೆಳ್ಳಗಾಯಿತು. ಬಿಸಿಲು ಬಿದ್ದ ಗಿಡವೆಂದರೆ ಬಿಳಿ ಕಾಂಡಕೊರಕಕ್ಕೆ ಹಬ್ಬ. ನಾಲ್ಕೈದು ವರ್ಷದಲ್ಲಿ ಅಲ್ಲಿನ ಅರೇಬಿಕಾ ಗಿಡಗಳನ್ನು ಕಿತ್ತು ಸುಡಬೇಕಾಯಿತು.

“ಆ ಬಸರಿ ಮರ ಯಾಕೆ ಕಡಿಸಿದ್ರಿ ಅಪ್ಪ?” ಎಂದು ಒಮ್ಮೆ ಕೇಳಿದ್ದೆ.

“ಯಾಕೆ ಬಿಟ್ಟಿದೀನಿ ಅಂತ ನಿಮ್ಮಜ್ಜ ನಂಗೇನು ಹೇಳಿದ್ರಾ?”

ಆಗ ಅದು ನೆಪವೆನಿಸಿತ್ತು. ಈಗ ಅಜ್ಜನ ಮೇಲೂ ಸ್ವಲ್ಪ ಸಿಟ್ಟಿದೆ. ಬಿಟ್ಟುಹೋಗುವವರು ಕಾರಣವನ್ನೂ ಬಿಟ್ಟುಹೋಗಬೇಕಲ್ಲವೇ? ಆದರೆ ನನಗೆ ಆ ನೆಪವೂ ಇಲ್ಲ. ಬರೆದವರು ಕಾರಣ ಬರೆದಿಟ್ಟಿದ್ದರು, ನಾನು ಓದಲಿಲ್ಲ. ಗಿಟ್ ಇದೆ, ತಪ್ಪಾದರೆ ಹಿಂದಕ್ಕೆ ಹೋದರಾಯಿತು ಎಂಬ ಧೈರ್ಯ. ಒಂದು ಆಜ್ಞೆಗೆ ಹನ್ನೆರಡೂ ಸಾಲು ಮರಳಿ ಬಂದವು. ಬಸರಿ ಮರಕ್ಕೆ ಅಂಥ ಆಜ್ಞೆಯಿಲ್ಲ, ಅಪ್ಪನಿಗೆ ಅದು ಕಡಿಸುವಾಗಲೇ ಗೊತ್ತಿತ್ತು. ಹಾಗಾಗಿ ಅವರು ನನಗಿಂತ ಹೆಚ್ಚು ಯೋಚಿಸಿಯೇ ಕಡಿಸಿರಬೇಕು. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು.

ಸಾಲುಗಳ ಮೇಲೆ ಈಗ ಕನ್ನಡದಲ್ಲಿ ನಾಲ್ಕು ಸಾಲಿನ ಕಾಮೆಂಟ್ ಬರೆದಿದ್ದೇನೆ. ಫ್ಲಾಪಿ ಡ್ರೈವಿನ ಕಾಲದ ಒಂದಷ್ಟು ಕೋಡನ್ನು, ಓದಿ ನೋಡಿ, ತೆಗೆದೇಬಿಟ್ಟೆ. ಮೊನ್ನೆ ಕೆಳಗಿನ ತೋಟದ ಅತ್ತಿಮರದ ವಿಷಯ ಎತ್ತಿದೆ. ಅಪ್ಪ ಅದನ್ನು ಬುಡದಿಂದ ತುದಿಯವರೆಗೆ ನೋಡಿ, “ಮುಂದಿನ ಮರಗಸಿಗೆ ಎರಡು ಕೊಂಬೆ ಇಳಿಸಿ ನೋಡೋಣ” ಎಂದರು.