ಗಾಳಿ ಯಾರ ಮೇಲಿನ ಕೋಪ?

2021ರ ಮೇ ತಿಂಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಲಾಕ್‌ಡೌನ್‌ನಿಂದಾಗಿ ಈದ್ ನಮಾಝನ್ನು ನಾವು ಮನೆಗಳಲ್ಲೇ ನಿರ್ವಹಿಸಿದ್ದೆವು. ಹಬ್ಬ ಮುಗಿದು ಎರಡು ಮೂರು ದಿನವಾಗುವಷ್ಟರಲ್ಲಿ ‘ತೌಕ್ತೆ’ ಚಂಡಮಾರುತ ನಮ್ಮ ಕರಾವಳಿಯ ಮಗ್ಗುಲಲ್ಲಿ ಉತ್ತರಕ್ಕೆ ಸಾಗಿತು. ಅದು ನೆಲ ಮುಟ್ಟಿದ್ದು ಮೇ 17ರ ರಾತ್ರಿ, ದೂರದ ಗುಜರಾತಿನಲ್ಲಿ. ಆದರೂ ಅದರ ಬಿಸಿ ತಟ್ಟಿದ ಜಿಲ್ಲೆಗಳ ಪಟ್ಟಿಯಲ್ಲಿ ಉಡುಪಿ, ಮಂಗಳೂರುಗಳ ಜೊತೆ ಘಟ್ಟದ ಮೇಲಿನ ಶಿವಮೊಗ್ಗವೂ ಇತ್ತು.

ಶಿಕಾರಿಪುರ, ಸೊರಬದ ಕಡೆಯವರಿಗೆ ಮಳೆ ಹೊಸದಲ್ಲ, ಚಂಡಮಾರುತ ಹೊಸದು. ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ತಿಂಗಳ ಬಿರುಗಾಳಿಯನ್ನು ಬಲ್ಲವರೂ ಅದನ್ನು ಒಂದು ಸಂಜೆಯ ಗಲಾಟೆ ಎಂದೇ ಎಣಿಸುತ್ತಾರೆ. ಆ ಒಂದು ಸಂಜೆ ಸಾಕು. ಅಡಿಕೆ ಮರಕ್ಕೆ ಇರುವುದು ಒಂದೇ ಸುಳಿ. ಸುಳಿ ಮುರಿದರೆ ಅದು ಇನ್ನೊಂದು ಕಡೆಯಿಂದ ಚಿಗುರುವುದಿಲ್ಲ. ಹೊಸ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಅಷ್ಟರಲ್ಲಿ ಮಗಳ ಮದುವೆಯೂ ಬರುತ್ತದೆ, ಸಾಲದ ಕಂತೂ ಬರುತ್ತದೆ.

ಇಂತಹ ಹೊತ್ತಿನಲ್ಲಿ ನಮ್ಮ ಬಾಯಿಂದ ಹೊರಡುವ ಒಂದು ಮಾತಿದೆ: “ಅವನು ಮಾಡಿದ್ದಕ್ಕೆ ಅಲ್ಲಾಹನು ತೋರಿಸಿಬಿಟ್ಟ.” ಜಗಲಿಯಲ್ಲಿ ಚಹಾ ಕುಡಿಯುತ್ತಾ ಇದನ್ನು ಹೇಳುವವರ ಮನೆಯ ಹೆಂಚು ಸಾಮಾನ್ಯವಾಗಿ ಭದ್ರವಾಗಿಯೇ ಇರುತ್ತದೆ!

ಆದ್ ಜನಾಂಗವು ಗಾಳಿಯಿಂದ ನಾಶವಾದುದನ್ನು ಕುರ್‌ಆನ್ ಹೇಳುತ್ತದೆ, ನಿಜ. ಆದರೆ ಅದು ಶಿಕ್ಷೆಯೆಂದು ತಿಳಿಸಿದವನು ಅಲ್ಲಾಹನು. ಅದಕ್ಕಿಂತ ಮುಂಚೆ ಹೂದ್(ಅ) ಅವರಲ್ಲಿಗೆ ಬಂದು ಎಚ್ಚರಿಸಿದ್ದರು. ನೆರೆಯವನ ತೋಟದ ಕುರಿತು ನಿಮಗೆ ಯಾವ ದಿವ್ಯವಾಣಿ ಬಂದಿದೆ? ಪ್ರವಾದಿವರ್ಯರ(ಸ) ಪುತ್ರ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಜನರು ಅವೆರಡಕ್ಕೂ ನಂಟು ಕಲ್ಪಿಸಿದಾಗ ಅವರು ಅದನ್ನು ನಿರಾಕರಿಸಿದರು. ತಮ್ಮ ಮಗುವಿನ ಗೌರವ ಹೆಚ್ಚಿಸುವ ಮಾತಾಗಿದ್ದರೂ ಒಪ್ಪಲಿಲ್ಲ.

ಇನ್ನೊಂದು ಸಂಗತಿಯಿದೆ. ಕಪ್ಪು ಮೋಡ ಕಂಡಾಗ ಪ್ರವಾದಿವರ್ಯರ(ಸ) ಮುಖದ ಬಣ್ಣ ಬದಲಾಗುತ್ತಿತ್ತು, ಒಳಗೂ ಹೊರಗೂ ನಡೆದಾಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಆದ್ ಜನಾಂಗದ ನೆನಪು ಅವರನ್ನು ಕಾಡುತ್ತಿತ್ತು. ಆದರೆ ಮೋಡ ಯಾರ ಮನೆಯತ್ತ ಸಾಗುತ್ತಿದೆಯೆಂದು ಅವರು ಬೆರಳು ತೋರಿಸಲಿಲ್ಲ. ಆ ಭಯ ಅವರ ಸ್ವಂತ ಎದೆಯಲ್ಲಿತ್ತು. ನಾವು ಭಯವನ್ನು ನೆರೆಯವನಿಗೆ ಹಂಚಿ, ನಿಶ್ಚಿಂತೆಯನ್ನು ನಮ್ಮಲ್ಲಿಟ್ಟುಕೊಳ್ಳುತ್ತೇವೆ.

“ಹಾಗಾದರೆ ಎಲ್ಲವೂ ವಿಧಿ, ಮಾಡುವುದೇನು?” ಎಂದು ನೀವು ಕೇಳಬಹುದು. ಅದೂ ಸರಿಯಲ್ಲ. 1987ರ ಅಕ್ಟೋಬರ್ 15-16ರ ರಾತ್ರಿ ದಕ್ಷಿಣ ಇಂಗ್ಲೆಂಡಿನಲ್ಲಿ ಬೀಸಿದ ಗಾಳಿಗೆ ಸುಮಾರು ಒಂದೂವರೆ ಕೋಟಿ ಮರಗಳು ಉರುಳಿದವು. ನೆಲ ತೊಯ್ದಿತ್ತು, ಮರಗಳಲ್ಲಿ ಎಲೆ ಇನ್ನೂ ತುಂಬಿತ್ತು, ಅಂತಹ ಗಾಳಿಯ ರೂಢಿ ಜನರಿಗಿರಲಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅದು ಮಾಡನ್ನು ಕೆಳಕ್ಕೆ ಅದುಮುವುದಕ್ಕಿಂತ ಮೇಲಕ್ಕೆ ಎಳೆಯುವುದೇ ಹೆಚ್ಚು. ನಮ್ಮ ಕಡೆ ತಗಡನ್ನು ಪಕಾಸಿಗೆ ಮೊಳೆ ಹೊಡೆದು ಸುಮ್ಮನಾಗುತ್ತಾರೆ, ಪಕಾಸನ್ನು ಗೋಡೆಗೆ ಬಿಗಿಯುವುದಿಲ್ಲ. ಒಂಟೆಯನ್ನು ಕಟ್ಟಿ ಭರವಸೆಯಿಡಬೇಕೆಂಬ ಪ್ರವಾದಿ ಬೋಧನೆಯನ್ನು ಜುಮಾ ಭಾಷಣದಲ್ಲಿ ಎಷ್ಟು ಸಲ ಕೇಳಿದ್ದೇವೆ! ನಮ್ಮ ಒಂಟೆ ಈ ತಗಡು.

ಬಳ್ಳಿಗಾವಿಯಲ್ಲಿ 1162ರ ಒಂದು ಶಾಸನವಿದೆ. ಅಲ್ಲಿನ ಕೋಡಿಯ ಮಠದಲ್ಲಿ ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು ಎಂದು ಅದು ವಿವರಿಸುತ್ತದೆ. ಅದು ನಮ್ಮ ಧರ್ಮದ ಸಂಸ್ಥೆಯಲ್ಲ, ಆದರೂ ನಮ್ಮದೇ ನೆಲದ್ದು. ಬಂದವನ ಸಂಕಟ ಯಾವ ಪಾಪದ ಫಲವೆಂಬ ವಿಚಾರಣೆ ಆ ಪಟ್ಟಿಯಲ್ಲಿಲ್ಲ.

ಮುಂದಿನ ಬಿರುಗಾಳಿಯ ಮರುದಿನ ನೆರೆಯವನ ತೋಟಕ್ಕೆ ಹೋಗುವಾಗ ಗರಗಸವನ್ನೂ ಹಗ್ಗವನ್ನೂ ಒಯ್ಯಿರಿ. ಬಿದ್ದ ಮರಗಳನ್ನು ಎಣಿಸಿ ಅರ್ಜಿ ಬರೆದುಕೊಡಿ. ಅವನ ಹೆಂಡತಿ ಮಕ್ಕಳು ಆ ರಾತ್ರಿ ಎಲ್ಲಿ ಮಲಗುತ್ತಾರೆಂದು ಕೇಳಲು ಮರೆಯಬೇಡಿ.