ಮದ್ದು ಸೋತಾಗ ತಪ್ಪು ಯಾರದು?



ಕಿಡ್ನಿ ಕಸಿ ಮಾಡಿಸಿಕೊಂಡ ಒಬ್ಬರನ್ನು ನೋಡಲು ನಾವು ಯುವಜನರು ಹೋಗಿದ್ದೆವು. ಅವರ ಬಾಯಿಯ ಹರ್ಪಿಸ್ ಹುಣ್ಣು ವಾರಗಳಾದರೂ ಮಾಯ್ದಿರಲಿಲ್ಲ. ವೈರಸ್ ಮದ್ದಿಗೆ ಬಗ್ಗುತ್ತಿಲ್ಲ ಎಂದು ವೈದ್ಯರು ಹೇಳಿದ್ದರು. ನಾವು ಮೊದಲು ಕೇಳಿದ್ದು, "ಮಾತ್ರೆ ಸರಿಯಾಗಿ ತೆಗೆದುಕೊಂಡಿರಾ?" ಅವರು ಒಂದನ್ನೂ ಬಿಟ್ಟಿರಲಿಲ್ಲ. ಆದರೂ ತಲೆ ತಗ್ಗಿಸಿದರು.

ನಮ್ಮಲ್ಲಿ ಬಿಎಸ್ಸಿ ಓದಿದವರಿಗಾದರೂ ಇದು ತಿಳಿದಿರಬೇಕಿತ್ತು. ಹರ್ಪಿಸ್‌ಗೆ ಕೊಡುವ ಅಸೈಕ್ಲೋವಿರ್ ಕೆಲಸ ಮಾಡಬೇಕಾದರೆ ವೈರಸ್ಸಿನದೇ ಒಂದು ಕಿಣ್ವ, ಥೈಮಿಡಿನ್ ಕೈನೇಸ್, ಅದನ್ನು ಚುರುಕುಗೊಳಿಸಬೇಕು. ವೈರಸ್ ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ತಪ್ಪುಗಳಾಗುತ್ತವೆ. ಕೆಲವು ಪ್ರತಿಗಳಲ್ಲಿ ಆ ಕಿಣ್ವವೇ ಕೆಟ್ಟಿರುತ್ತದೆ, ಅವಕ್ಕೆ ಮದ್ದು ತಾಗದು. ಮದ್ದು ವೈರಸ್ಸಿನ ಬೆಳವಣಿಗೆಯನ್ನಷ್ಟೇ ತಡೆಯುತ್ತದೆ. ಉಳಿದದ್ದನ್ನು ಮುಗಿಸುವುದು ದೇಹದ ರೋಗನಿರೋಧಕ ಶಕ್ತಿ. ಆದ್ದರಿಂದ ಆರೋಗ್ಯವಂತರಲ್ಲಿ ಮದ್ದಿಗೆ ಬಗ್ಗದ ಹರ್ಪಿಸ್ ಶೇ. 1ಕ್ಕಿಂತಲೂ ಕಡಿಮೆ. ಕಸಿಯಾದವರು ಹೊಸ ಕಿಡ್ನಿಯನ್ನು ಉಳಿಸಿಕೊಳ್ಳಲೆಂದೇ ಆ ಶಕ್ತಿಯನ್ನು ಔಷಧಿಯಿಂದ ಕುಗ್ಗಿಸಿಕೊಂಡಿರುತ್ತಾರೆ. ಅವರು ಒಂದು ಮಾತ್ರೆಯನ್ನೂ ತಪ್ಪಿಸದಿದ್ದರೂ ವೈರಸ್ ಮದ್ದನ್ನು ಮೀರಿ ನಿಲ್ಲಬಹುದು.

ಹಾಗಾದರೆ ನಾವು ಆ ಪ್ರಶ್ನೆ ಕೇಳಿದ್ದೇಕೆ? ತಪ್ಪು ಅವರದಾದರೆ, ತಪ್ಪು ಮಾಡದ ನಮಗೆ ಇಂಥದ್ದು ಬಾರದು ಎಂಬ ಸಮಾಧಾನ ಸಿಗುತ್ತದೆ. ಅವರ ನೋವಿನ ಖರ್ಚಿನಲ್ಲಿ ನಾವು ಧೈರ್ಯ ಕೊಂಡುಕೊಂಡೆವು.

ಶಿಸ್ತು ಬೇಡವೆಂದಲ್ಲ. ಎಚ್‌ಐವಿ ಮಾತ್ರೆಗಳನ್ನು ಆಗಾಗ ಬಿಟ್ಟರೆ ವೈರಸ್ ಬಲಿಯುತ್ತದೆ, ನಿಜ. ಆದರೆ ಬಿಟ್ಟವರಿಗೂ ವಾಂತಿ, ಬಸ್ಸಿನ ಹಣ, ನೆರೆಯವರ ಭಯ ಎಂಬ ಕಾರಣಗಳಿರುತ್ತವೆ. "ತೆಗೆದುಕೊಂಡಿರಾ?" ಎಂಬುದು ವೈದ್ಯರು ಕೇಳಬೇಕಾದ ಪ್ರಶ್ನೆ. ನಾವು ಕೇಳಬೇಕಾದದ್ದು, "ತೆಗೆದುಕೊಳ್ಳಲು ಏನು ಕಷ್ಟವಾಗುತ್ತಿದೆ?"

ನಾವು ಕಂಡವರ ಮುಂದಿನ ದಾರಿ ಸುಲಭದ್ದಲ್ಲ. ಇಂಥ ಹರ್ಪಿಸ್‌ಗೆ ಫೋಸ್ಕಾರ್ನೆಟ್ ಎಂಬ ಮದ್ದಿದೆ. ಅದನ್ನು ಡ್ರಿಪ್ ಮೂಲಕ ಕೊಡಬೇಕು, ಅದು ಕಿಡ್ನಿಗೇ ಹಾನಿ ಮಾಡಬಹುದು. ನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿ ಕಡಿಮೆ ಮಾಡಿದರೆ, ಕಸಿ ಮಾಡಿದ ಕಿಡ್ನಿಯನ್ನೇ ದೇಹ ತಿರಸ್ಕರಿಸಬಹುದು. ಇಷ್ಟು ಭಾರ ಹೊತ್ತವರ ತಲೆಯ ಮೇಲೆ ನಾವು ಅಪವಾದವನ್ನೂ ಇಡಬೇಕೇ?

ಮುಂದಿನ ವಾರ ಮತ್ತೆ ಹೋದೆವು. ಶೀತವಿದ್ದ ಇಬ್ಬರು ಮನೆಯಲ್ಲೇ ಉಳಿದರು, ಹೋದವರು ಕೈ ತೊಳೆದು ಒಳಗೆ ಹೋದೆವು. ಮೊದಲು ಕ್ಷಮೆ ಕೇಳಿದೆವು. ಆಮೇಲೆ, ರಕ್ತಪರೀಕ್ಷೆಗೆ ಹೋಗುವ ದಿನ ಯಾರು ಜೊತೆಗೆ ಬರಬೇಕೆಂದು ಕೇಳಿದೆವು. ಅವರು ತಲೆ ಎತ್ತಿ ದಿನ ಹೇಳಿದರು.